ಗಾಲ್ವೇಯಲ್ಲಿ ಗಡಿಯಾರ ಪಿಟೀಲಿನದು

ಪ್ರವಾಸಕ್ಕೆ ಹೊರಡುವ ಮುನ್ನ ನಾವು ಹಾಕುವ ಲೆಕ್ಕಕ್ಕೆ ಒಂದು ಕ್ರಮವಿದೆ. ಮೊದಲು ವಿಮಾನದ ಟಿಕೆಟ್ಟು, ಆಮೇಲೆ ಹೋಟೆಲು, ಆಮೇಲೆ ನೋಡುವ ಜಾಗಗಳು. ಸಂಗೀತ, ನಾಟಕ ಎಲ್ಲ ಕಡೆಗೆ, ಹೊತ್ತು ಮಿಕ್ಕರೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ನಗರಕ್ಕೆ ಹೋಗುವವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡರೆ ಲಾಭ. ಅಲ್ಲಿ ಯಾವ ಪಬ್ಬಿನಲ್ಲಿ ಎಷ್ಟು ಹೊತ್ತಿಗೆ ಪಿಟೀಲು ಪೆಟ್ಟಿಗೆಯಿಂದ ಹೊರಬರುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು. ಆಗ ಎಲ್ಲಿ ಉಳಿಯಬೇಕು, ಯಾವಾಗ ಉಣ್ಣಬೇಕು ಎಂಬ ಉಳಿದೆರಡು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಡಬ್ಲಿನ್‌ನಿಂದ ಸುಮಾರು 200 ಕಿಲೋಮೀಟರ್ ಪಶ್ಚಿಮಕ್ಕೆ, ಕಾರಿಬ್ ನದಿ ಅಟ್ಲಾಂಟಿಕ್ ಸಾಗರದ ಕೊಲ್ಲಿಗೆ ಬೀಳುವಲ್ಲಿ ಈ ಊರಿದೆ. ಜನಸಂಖ್ಯೆ ಎಂಬತ್ತೈದು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ತಾಲ್ಲೂಕು ಕೇಂದ್ರ. ಮಧ್ಯಯುಗದಲ್ಲಿ ಹದಿನಾಲ್ಕು ವರ್ತಕ ಮನೆತನಗಳು ಇಲ್ಲಿ ಆಳಿದವು, ಸ್ಪೇನಿನೊಡನೆ ದ್ರಾಕ್ಷಾರಸದ ವ್ಯಾಪಾರ ಮಾಡಿ ಬೆಳೆದವು. 1584ರಲ್ಲಿ ಊರ ಗೋಡೆಯನ್ನು ಹಡಗುಕಟ್ಟೆಯ ಕಡೆಗೆ ಚಾಚಿದಾಗ ಕಟ್ಟಿದ ಕಮಾನು 'ಸ್ಪ್ಯಾನಿಷ್ ಆರ್ಚ್' ಎಂಬ ಹೆಸರಿನಲ್ಲಿ ಈಗಲೂ ನಿಂತಿದೆ. ಊರ ನಡುವಿನ ಏರ್ ಸ್ಕ್ವೇರ್ ಮೈದಾನದಿಂದ ಈ ಕಮಾನಿನವರೆಗೆ ವಾಹನಗಳಿಲ್ಲದ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಹಳೆಯ ಗಾಲ್ವೇ ಮುಗಿಯಿತು. ಸೇತುವೆ ದಾಟಿ ಇನ್ನೊಂದು ಐದು ನಿಮಿಷ ನಡೆದರೆ 'ವೆಸ್ಟ್ ಎಂಡ್' ಎಂಬ ಮತ್ತೊಂದು ಭಾಗ. ಸಂಗೀತವೆಲ್ಲ ಈ ಹದಿನೈದು ನಿಮಿಷದ ನಡಿಗೆಯೊಳಗೇ ಇದೆ.

ಸಂಗೀತ ಎಂದರೆ ಇಲ್ಲಿ ಎರಡು ಬಗೆ. ಶಾಪ್ ಸ್ಟ್ರೀಟಿನ ಉದ್ದಕ್ಕೂ ಹಗಲಿಡೀ ಬೀದಿ ಗಾಯಕರು ಗಿಟಾರ್ ಹಿಡಿದು ನಿಂತಿರುತ್ತಾರೆ. ಇವರಲ್ಲಿ ಯಾರಾದರೂ ಒಬ್ಬರು 'ಗಾಲ್ವೇ ಗರ್ಲ್' ಹಾಡದೆ ಸಂಜೆಯಾಗುವುದಿಲ್ಲ. ಆ ಹೆಸರಿನ ಹಾಡು ಎರಡಿವೆ: ಅಮೆರಿಕದ ಸ್ಟೀವ್ ಅರ್ಲ್ 2000ದಲ್ಲಿ ಹೊರತಂದದ್ದು ಒಂದು. ಇಂಗ್ಲೆಂಡಿನ ಎಡ್ ಶೀರನ್ 2017ರಲ್ಲಿ ಹೊರತಂದ ಅದೇ ಹೆಸರಿನ ಬೇರೆ ಹಾಡು ಇನ್ನೊಂದು. ಗಾಲ್ವೇಯ ಹೆಸರನ್ನು ಜಗತ್ತಿಗೆಲ್ಲ ಮುಟ್ಟಿಸಿದ ಎರಡೂ ಹಾಡುಗಳನ್ನು ಬರೆದವರು ಹೊರಗಿನವರು ಎಂಬುದು ತಮಾಷೆ. ಇದು ಬೀದಿಯ ಸಂಗೀತ. ಕೇಳಿ, ನಾಣ್ಯ ಹಾಕಿ, ಮುಂದೆ ನಡೆಯಬಹುದು. ಎರಡನೆಯದು ಪಬ್ಬಿನೊಳಗೆ, ಮೂಲೆಯ ಒಂದು ಮೇಜಿನ ಸುತ್ತ ನಡೆಯುವ 'ಸೆಷನ್'. ಇಷ್ಟು ದೂರ ಹೋಗಿ ಕೇಳಬೇಕಾದದ್ದು ಅದನ್ನು.

ಸೆಷನ್ನಿಗೆ ವೇದಿಕೆ ಇರುವುದಿಲ್ಲ, ಟಿಕೆಟ್ ಇರುವುದಿಲ್ಲ, ಎಷ್ಟೋ ಕಡೆ ಮೈಕೂ ಇರುವುದಿಲ್ಲ. ವಾದಕರು ಕೇಳುಗರಿಗೆ ಮುಖ ಮಾಡಿ ಕೂರುವ ಬದಲು ಒಬ್ಬರಿಗೊಬ್ಬರು ಮುಖ ಮಾಡಿ, ನಮ್ಮೂರ ಭಜನೆ ಮಂಡಳಿಯವರಂತೆ ಸುತ್ತುಗಟ್ಟಿ ಕೂರುತ್ತಾರೆ. ಇಬ್ಬರೋ ಮೂವರೋ ವಾದಕರಿಗೆ ಪಬ್ಬಿನ ಮಾಲೀಕರು ಸಂಭಾವನೆ ಕೊಟ್ಟು ಗೊತ್ತು ಮಾಡಿರುತ್ತಾರೆ. ಉಳಿದವರು ಸುಮ್ಮನೆ ಬಂದು ಸೇರಿಕೊಂಡವರು: ಶಾಲೆಯ ಮೇಷ್ಟ್ರು, ಬಡಗಿ, ವಿಶ್ವವಿದ್ಯಾಲಯದ ಹುಡುಗಿ, ಜಪಾನಿನಿಂದಲೋ ಜರ್ಮನಿಯಿಂದಲೋ ಈ ಸಂಗೀತ ಕಲಿಯಲೆಂದೇ ಬಂದ ಯಾರೋ ಒಬ್ಬರು. ಅವರು ನುಡಿಸುವುದು ಮುಖ್ಯವಾಗಿ ತಮ್ಮ ಸಂತೋಷಕ್ಕೆ. ನಾವು ಪಕ್ಕದಲ್ಲಿ ಕೂತು ಕೇಳುವುದಕ್ಕೆ ಅವರ ಅಭ್ಯಂತರವಿಲ್ಲ, ಅಷ್ಟೇ.

ಇದನ್ನೆಲ್ಲ ನೋಡಿದವರಿಗೆ ಐರ್ಲೆಂಡಿನ ಪಬ್ಬುಗಳಲ್ಲಿ ನೂರಾರು ವರ್ಷಗಳಿಂದ ಹೀಗೇ ನಡೆದು ಬಂದಿರಬೇಕು ಅನ್ನಿಸುತ್ತದೆ. ಹಾಗೇನೂ ಇಲ್ಲ. ಧಾಟಿಗಳು ಹಳೆಯವು, ಪಬ್ಬು ಹೊಸದು. ಹಳ್ಳಿಗಾಡಿನಲ್ಲಿ ಈ ಸಂಗೀತ ಇದ್ದದ್ದು ಮನೆಯ ಅಡುಗೆಕೋಣೆಯಲ್ಲಿ, ಕವಲುದಾರಿಯ ಬಯಲಲ್ಲಿ, ಕುಣಿಯುವವರ ಕಾಲಿಗೆ ಒದಗುವುದಕ್ಕಾಗಿ. 1935ರಲ್ಲಿ ಬಂದ ಸಾರ್ವಜನಿಕ ನೃತ್ಯ ಸಭಾಂಗಣಗಳ ಕಾಯಿದೆ ಪರವಾನಗಿ ಇಲ್ಲದೆ ಕುಣಿತದ ಕೂಟ ನಡೆಸುವುದನ್ನು ತಡೆಯಿತು. ಅದನ್ನೇ ಹಿಡಿದು ಪಾದ್ರಿಗಳೂ ಪೊಲೀಸರೂ ಮನೆಮನೆಯ ಕುಣಿತಗಳ ಮೇಲೂ ಬಿದ್ದರು. ಅಷ್ಟರಲ್ಲಿ ಕೆಲಸ ಹುಡುಕಿಕೊಂಡು ಜನ ಗುಳೆ ಹೋಗುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನಲ್ಲಿ ಗಾರೆ ಕೆಲಸಕ್ಕೂ ರಸ್ತೆ ಕೆಲಸಕ್ಕೂ ಸೇರಿದ ಐರಿಷ್ ಗಂಡಾಳುಗಳಿಗೆ ಇದ್ದದ್ದು ಬಾಡಿಗೆಯ ಇಕ್ಕಟ್ಟಿನ ಕೋಣೆ. ಅಲ್ಲಿ ನಾಲ್ಕು ಜನ ಸೇರುವಂತಿರಲಿಲ್ಲ. ಆದ್ದರಿಂದ ಕ್ಯಾಮ್ಡನ್ ಟೌನ್ ಕಡೆಯ ಪಬ್ಬುಗಳಲ್ಲಿ ಕೂತು ನುಡಿಸತೊಡಗಿದರು. ಊರು ಬಿಟ್ಟವರು ಕಂಡುಕೊಂಡ ಈ ವ್ಯವಸ್ಥೆ ಆಮೇಲೆ ಊರಿಗೇ ವಾಪಸು ಬಂತು. 1951ರಲ್ಲಿ 'ಕೋಲ್ಟಸ್' ಎಂಬ ಸಂಗೀತಗಾರರ ಸಂಘ ಹುಟ್ಟಿ ವರ್ಷಕ್ಕೊಮ್ಮೆ ದೊಡ್ಡ ಸಂಗೀತ ಜಾತ್ರೆ ನಡೆಸಲು ಆರಂಭಿಸಿತು. 1960ರ ದಶಕದ ಹೊತ್ತಿಗೆ ಪಬ್ಬಿನ ಸೆಷನ್ ಐರ್ಲೆಂಡಿನಲ್ಲೂ ಬೇರುಬಿಟ್ಟಿತ್ತು.

ವಲಸೆಯ ಕತೆ ಇನ್ನೊಂದು ದಿಕ್ಕಿನಲ್ಲೂ ಇದೆ. ಅಮೆರಿಕದ ಶಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ. ಆತ ವಲಸಿಗರ ಬಾಯಿಂದ, ಕೊಳಲಿಂದ ಧಾಟಿಗಳನ್ನು ಹೆಕ್ಕಿ, 1903ರಲ್ಲಿ 1,850 ಧಾಟಿಗಳ ಸಂಗ್ರಹವನ್ನೂ 1907ರಲ್ಲಿ 1,001 ಕುಣಿತದ ಧಾಟಿಗಳ ಸಂಗ್ರಹವನ್ನೂ ಅಚ್ಚು ಹಾಕಿಸಿದ. ಊರಲ್ಲಿ ಮರೆಯಾಗುತ್ತಿದ್ದುದನ್ನು ಪರದೇಶದ ಪೊಲೀಸನೊಬ್ಬ ಉಳಿಸಿಕೊಟ್ಟ ಹಾಗಾಯಿತು. ಇಂದಿಗೂ ಐರಿಷ್ ವಾದಕರು 'ಪುಸ್ತಕ' ಎಂದರೆ ಅದು ಓನೀಲನ ಪುಸ್ತಕವೇ.

ಗಾಲ್ವೇಗೇ ಏಕೆ ಇಷ್ಟು ಸಂಗೀತ? ಕಾರಣ ಭೂಗೋಳ. ಪಶ್ಚಿಮಕ್ಕೆ ಕೊನಿಮಾರ ಪ್ರದೇಶ. ಅಲ್ಲಿ ಹಲವೆಡೆ ಐರಿಷ್ ಭಾಷೆ ಇನ್ನೂ ಮನೆಮಾತು. ದಕ್ಷಿಣಕ್ಕೆ ಪಿಟೀಲಿಗೂ ಕನ್ಸರ್ಟೀನಾ ಎಂಬ ವಾದ್ಯಕ್ಕೂ ಹೆಸರಾದ ಕ್ಲೇರ್ ಜಿಲ್ಲೆ. ಪೂರ್ವಕ್ಕೆ, ಗಾಲ್ವೇ ಜಿಲ್ಲೆಯ ಒಳನಾಡಿನಲ್ಲಿ, ಅವಸರವಿಲ್ಲದೆ ಸ್ವಲ್ಪ ವಿಷಾದದ ಛಾಯೆಯಲ್ಲಿ ನುಡಿಸುವ ಒಂದು ಬಾನಿ ಇದೆ. ಆ ಕಡೆಯ ಪ್ಯಾಡಿ ಫೇಹಿ ಎಂಬ ಪಿಟೀಲುಗಾರ ಹತ್ತಾರು ಧಾಟಿಗಳನ್ನು ಕಟ್ಟಿದರೂ ಒಂದಕ್ಕೂ ಹೆಸರಿಡಲಿಲ್ಲ. ಹಾಗಾಗಿ ಎಲ್ಲವೂ ಕಟ್ಟಿದವನ ಹೆಸರೂ ಕುಣಿತದ ನಡೆಯ ಹೆಸರೂ ಸೇರಿ 'ಪ್ಯಾಡಿ ಫೇಹಿಯ ರೀಲ್', 'ಪ್ಯಾಡಿ ಫೇಹಿಯ ಜಿಗ್' ಎಂದೇ ಓಡಾಡುತ್ತವೆ. ಯಾವುದು ಎಂದು ಕೇಳಿದರೆ ನುಡಿಸಿಯೇ ತೋರಿಸಬೇಕು. ಪೀಟರ್ಸ್‌ವೆಲ್ ಹಳ್ಳಿಯ ಜೋ ಕೂಲಿ ವರ್ಷಗಟ್ಟಲೆ ಅಮೆರಿಕದಲ್ಲಿದ್ದು, ಕಾಯಿಲೆ ಬಿದ್ದು ಊರಿಗೆ ಮರಳಿದವರು. 1973ರ ನವೆಂಬರಿನಲ್ಲಿ ಹಳ್ಳಿಯ ಪಬ್ಬಿನಲ್ಲಿ ಅವರ ಅಕಾರ್ಡಿಯನ್ ವಾದನವನ್ನು ಧ್ವನಿಮುದ್ರಿಸಿಕೊಂಡರು. ಮರುತಿಂಗಳೇ ಅವರು ತೀರಿಕೊಂಡರು. ಅವರ ಹೆಸರಿನ 'ಕೂಲೀಸ್ ರೀಲ್' ಇವತ್ತು ಜಗತ್ತಿನ ಯಾವ ಸೆಷನ್ನಿನಲ್ಲಾದರೂ ಒಮ್ಮೆ ಬಂದೇ ಬರುತ್ತದೆ. 1970ರ ದಶಕದಲ್ಲಿ ನಗರಕ್ಕೆ ಹತ್ತಿರದ ಸ್ಪಿಡಲ್ ಊರಿನ ಸೆಷನ್ನುಗಳಿಂದಲೇ ಡಿ ಡ್ಯಾನನ್ ತಂಡ ಹುಟ್ಟಿ ದೇಶ ಸುತ್ತಿತು. ಈ ಮೂರು ದಿಕ್ಕಿನ ಬಾನಿಗಳು ಬಂದು ಕೂಡುವ ಸಂತೆಯೂರು ಗಾಲ್ವೇ.

ಇನ್ನು, ಕೇಳುವುದು ಹೇಗೆ? ಮೊದಲ ಸಲ ಕೇಳಿದವರಿಗೆ ಎಲ್ಲ ಧಾಟಿಯೂ ಒಂದೇ ಥರ, ಬಿಡದೆ ಓಡುವ ಹೊಳೆಯ ಸದ್ದು. ಕಟ್ಟಡ ಗೊತ್ತಾದರೆ ಕಿವಿ ತೆರೆಯುತ್ತದೆ. ಒಂದು ಧಾಟಿಗೆ ಸಾಮಾನ್ಯವಾಗಿ ಎರಡು ಭಾಗ. ಒಂದೊಂದೂ ಎಂಟು ಆವರ್ತ. ಮೊದಲ ಭಾಗ ಎರಡು ಸಲ, ಎರಡನೆಯದು ಎರಡು ಸಲ, ಸೇರಿ ಮೂವತ್ತೆರಡು ಆವರ್ತ. ಎರಡನೆಯ ಭಾಗ ಬಹುಮಟ್ಟಿಗೆ ಮೇಲಿನ ಸ್ಥಾಯಿಗೆ ಏರುತ್ತದೆ. ಇಷ್ಟನ್ನು ಎರಡು ಅಥವಾ ಮೂರು ಸುತ್ತು ನುಡಿಸಿ, ಉಸಿರೂ ತೆಗೆಯದೆ ಬೇರೊಂದು ಧಾಟಿಗೆ ಜಿಗಿಯುತ್ತಾರೆ. ಹೀಗೆ ಮೂರು ನಾಲ್ಕು ಧಾಟಿ ಪೋಣಿಸಿದರೆ ಒಂದು 'ಸೆಟ್'. ಮುಂದಿನ ಧಾಟಿ ಯಾವುದು ಎಂದು ಯಾರೂ ಘೋಷಿಸುವುದಿಲ್ಲ; ಮುಂದಾಳು ಹುಬ್ಬೆತ್ತಿದ್ದೇ ಸೂಚನೆ. ಆ ತಿರುವಿನಲ್ಲಿ ಇಡೀ ಮೇಜು ಒಟ್ಟಿಗೆ ಹೊಸ ಶ್ರುತಿಗೆ ಹೊರಳುವ ಕ್ಷಣವೇ ಸೆಷನ್ನಿನ ರಸಘಟ್ಟ. ಅನುಭವಿ ಕೇಳುಗರು ಹೋ ಎಂದು ಕೂಗುವುದು ಅಲ್ಲೇ.

ನಡೆ ಗುರುತಿಸುವುದು ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಕಷ್ಟವಲ್ಲ. 'ಜಿಗ್' ಎಂದರೆ ಒಂದು ಪೆಟ್ಟಿಗೆ ಮೂರು ಸ್ವರ, ಅಂದರೆ ತಿಶ್ರ ನಡೆ. ಆವರ್ತಕ್ಕೆ ಎರಡು ಪೆಟ್ಟು. ಮೂರು ಪೆಟ್ಟು ಬಂದರೆ ಅದು 'ಸ್ಲಿಪ್ ಜಿಗ್'. 'ರೀಲ್' ಎಂದರೆ ಚತುರಶ್ರ, ಬಿರುಸಾದ ಓಟ. ಅದೇ ನಾಲ್ಕರ ಎಣಿಕೆಯನ್ನು ನಿಧಾನಿಸಿ ಕುಂಟುತ್ತಾ ಕುಣಿಸಿದರೆ 'ಹಾರ್ನ್‌ಪೈಪ್'. ಎಲ್ಲ ವಾದ್ಯಗಳೂ ಒಂದೇ ಧಾಟಿಯನ್ನು ನುಡಿಸುತ್ತವೆ. ಪಾಶ್ಚಾತ್ಯ ವಾದ್ಯಗೋಷ್ಠಿಯಂತೆ ಪಿಟೀಲಿಗೊಂದು ದಾರಿ, ಕೊಳಲಿಗೊಂದು ದಾರಿ ಎಂದು ಹಂಚಿಕೊಳ್ಳುವುದಿಲ್ಲ. ಆದರೆ ಪ್ರತಿ ವಾದಕನ ಅಲಂಕಾರ ಬೇರೆ: ಒಬ್ಬ ಸ್ವರದ ಮುಂದೆ ಚಿಟಿಕೆಯಷ್ಟು ಮತ್ತೊಂದು ಸ್ವರ ತಾಗಿಸುತ್ತಾನೆ, ಇನ್ನೊಬ್ಬಳು ಅದೇ ಸ್ವರವನ್ನು ಮೇಲೆ ಕೆಳಗೆ ಸುತ್ತಿ ಉರುಳಿಸುತ್ತಾಳೆ. ಮನೋಧರ್ಮಕ್ಕೆ ಇಲ್ಲಿ ಆಲಾಪನೆಯ ಬಯಲಿಲ್ಲ. ಇರುವ ಎಂಟು ಆವರ್ತದ ಸಂದುಗಳಲ್ಲೇ ಅದು ನುಸುಳಬೇಕು.

ನಮಗೂ ಈ ಬಗೆಯ ಧಾಟಿಗಳಿಗೂ ಒಂದು ಹಳೆಯ ನಂಟೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಮದ್ರಾಸಿನ ಬ್ಯಾಂಡುಗಳು ನುಡಿಸುತ್ತಿದ್ದ ಬ್ರಿಟಿಷ್ ದ್ವೀಪಗಳ ಕುಣಿತದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ಶಂಕರಾಭರಣದ ಆ ನೋಟುಸ್ವರಗಳನ್ನು ನಮ್ಮ ಸಂಗೀತ ಶಾಲೆಗಳ ಮಕ್ಕಳು ಈಗಲೂ ಹಾಡುತ್ತಾರೆ. 'ಜಗದೀಶ ಗುರುಗುಹ' ಎಂಬ ರಚನೆಯ ಮೂಲ 'ಲಾರ್ಡ್ ಮ್ಯಾಕ್‌ಡೊನಾಲ್ಡ್' ಹೆಸರಿನ ಸ್ಕಾಟಿಷ್ ರೀಲ್. ನೋಟುಸ್ವರ ಕಲಿತವರು ಗಾಲ್ವೇಯ ಪಬ್ಬಿನಲ್ಲಿ ಕೂತು ಇದು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದುಕೊಂಡರೆ ಅದು ಭ್ರಮೆಯಾಗಬೇಕಿಲ್ಲ.

ವಾದ್ಯಗಳಲ್ಲಿ ಪಿಟೀಲು ನಮ್ಮದೇ ಪಿಟೀಲು. ಹಿಡಿಯುವ ಭಂಗಿ, ಕಮಾನು ಎಳೆಯುವ ಕ್ರಮ ಬೇರೆ. ತಗಡಿನ ಪುಟ್ಟ ಪೀಪಿ, ಮರದ ಅಡ್ಡಕೊಳಲು, ಗುಂಡಿಗಳ ಅಕಾರ್ಡಿಯನ್, ಆರು ಮೂಲೆಯ ಕನ್ಸರ್ಟೀನಾ, ಬ್ಯಾಂಜೋ ಜೊತೆಗಿರುತ್ತವೆ. 'ಇಲನ್ ಪೈಪ್' ಇದ್ದರೆ ಅದೃಷ್ಟ: ಮೊಣಕೈಯಡಿ ತಿದಿ ಒತ್ತಿ ಗಾಳಿ ತುಂಬುವ, ಬಾಯಿಂದ ಊದದ ಈ ವಾದ್ಯದ ಪರಂಪರೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ತಾಳಕ್ಕೆ 'ಬೌರಾನ್', ಅಂದರೆ ಮೇಕೆ ಚರ್ಮ ಬಿಗಿದ, ಗಿಡ್ಡ ಕೋಲಿನಿಂದ ಬಾರಿಸುವ ತಮಟೆಯಂಥ ವಾದ್ಯ. ಒಂದು ಮೇಜಿಗೆ ಒಂದೇ ಬೌರಾನ್ ಸಾಕು ಎಂಬುದು ಅಲಿಖಿತ ನಿಯಮ. ಎರಡನೆಯದನ್ನು ಹೊತ್ತು ತಂದವನನ್ನು ಯಾರೂ ಪ್ರೀತಿಯಿಂದ ನೋಡುವುದಿಲ್ಲ.

ಈಗ ಜಾಗಗಳು. ಮೇನ್‌ಗಾರ್ಡ್ ಸ್ಟ್ರೀಟಿನ 'ಟಿಗ್ ಕೋಲಿ' ಚಿಕ್ಕ ಪಬ್ಬು. ವಾರದ ಏಳೂ ದಿನ ಸೆಷನ್, ಸಂಜೆ ಒಂದು, ರಾತ್ರಿ ಒಂದು. ಬಾಗಿಲ ಪಕ್ಕದಲ್ಲೇ ವಾದಕರ ಮೂಲೆ. ಗೋಡೆಯ ತುಂಬ ಇಲ್ಲಿ ನುಡಿಸಿ ಹೋದವರ ಪಟಗಳು. ಮೊದಲ ಸಂಜೆಗೆ ಇದಕ್ಕಿಂತ ಸರಿಯಾದ ಜಾಗವಿಲ್ಲ, ಆದರೆ ಕೂರಲು ಜಾಗ ಬೇಕಿದ್ದರೆ ಅರ್ಧ ಗಂಟೆ ಮುಂಚೆ ಹೋಗಬೇಕು. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ, 1320ರಲ್ಲಿ ಸ್ಥಾಪನೆಯಾದ ಸೇಂಟ್ ನಿಕೋಲಸ್ ಚರ್ಚಿನ ಮಗ್ಗುಲಲ್ಲಿ 'ಟಾಫ್ಸ್'. ಇಲ್ಲಿ ಸಂಜೆಯೇ ಸಂಗೀತ ಶುರುವಾಗುವುದರಿಂದ ಮಕ್ಕಳೊಂದಿಗೆ ಹೋದವರಿಗೆ ಅನುಕೂಲ. ರಾತ್ರಿ ಒಂಬತ್ತರ ಮೇಲೆ (ಮೇಯಿಂದ ಸೆಪ್ಟೆಂಬರ್‌ವರೆಗೆ ಹತ್ತರ ಮೇಲೆ) ಹದಿನೆಂಟರೊಳಗಿನವರು ಬಾರಿನಲ್ಲಿ ಇರುವಂತಿಲ್ಲ ಎಂಬ ಕಾನೂನು ಮನೆಮಂದಿಯೆಲ್ಲ ಹೊರಟವರಿಗೆ ನೆನಪಿರಲಿ.

ಕ್ರಾಸ್ ಸ್ಟ್ರೀಟ್ ಮತ್ತು ಕೀ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಕಡುನೀಲಿ ಬಣ್ಣದ 'ಟಿಗ್ ನಾಖ್ಟನ್' ಇದೆ, 1894ರಿಂದ ಪಬ್ಬು. ಅದಕ್ಕೂ ಹಿಂದೆ ಇದು ರಿಚರ್ಡ್ ಮಾರ್ಟಿನ್ ಎಂಬ ಸಂಸತ್ ಸದಸ್ಯನ ಮನೆಯಾಗಿತ್ತು. ದನಕರು, ಕುದುರೆಗಳ ಮೇಲಿನ ಕ್ರೌರ್ಯವನ್ನು ತಡೆಯುವ 1822ರ ಬ್ರಿಟಿಷ್ ಕಾಯಿದೆ ತಂದವನು ಈತನೇ. ಒಳಗೆ ಮರದ ಪುಟ್ಟ ಪುಟ್ಟ ಗೂಡುಗಳು; ಸಂಗೀತಕ್ಕಿಂತ ಮಾತಿಗೆ ಹೆಚ್ಚು ಒದಗುವ ಜಾಗ. ಹಗಲು ಹೋಗಿ ಹೊರಗಿನ ಬೆಂಚಿನಲ್ಲಿ ಕೂತರೆ ಊರೆಲ್ಲ ಮುಂದೆ ಹಾದುಹೋಗುತ್ತದೆ.

ಗಂಭೀರವಾಗಿ ಕೇಳಬೇಕೆನ್ನುವವರು ನದಿ ದಾಟಬೇಕು. ವೆಸ್ಟ್ ಎಂಡಿನ ಸೀ ರೋಡಿನಲ್ಲಿರುವ 'ಕ್ರೇನ್ ಬಾರ್' ವಾದಕರೇ ವಾದಕರನ್ನು ಕೇಳಲು ಬರುವ ಜಾಗ. ಕೆಳಗೆ ಸೆಷನ್, ಮಹಡಿಯಲ್ಲಿ ಟಿಕೆಟ್ಟಿನ ಕಛೇರಿ. ರಾತ್ರಿ ಒಂಬತ್ತೂವರೆಯ ಆಸುಪಾಸಿಗೆ ಶುರುವಾಗುತ್ತದೆ. ಪ್ರವಾಸಿಗಳ ಗದ್ದಲ ಇಲ್ಲಿಗೆ ಸ್ವಲ್ಪ ಕಡಿಮೆ ತಲುಪುತ್ತದೆ. ಸಮೀಪದಲ್ಲೇ ಡೊಮಿನಿಕ್ ಸ್ಟ್ರೀಟಿನ 'ಮನ್ರೋಸ್' ವಿಶಾಲವಾದದ್ದು. ಸಮಯಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಎಲ್ಲೇ ಹೋಗಲಿ, ಆ ದಿನ ಬಾಗಿಲಲ್ಲಿ ಬರೆದದ್ದನ್ನು ನೋಡಿ ನಂಬಿ.

ನಡವಳಿಕೆಯ ಮಾತು ಕೆಲವೇ. ಮೇಜಿನ ಸುತ್ತ ಖಾಲಿ ಇರುವ ಸ್ಟೂಲು ವಾದಕರದು, ಅಲ್ಲಿ ಕೂರಬಾರದು. ಮೇಜಿಗೆ ಬಂದು ಮಾಣಿ ಕೇಳುವುದಿಲ್ಲ. ಕೌಂಟರಿಗೆ ಹೋಗಿ ಹೇಳಿ, ಹಣ ಕೊಟ್ಟು, ಲೋಟ ತರಬೇಕು. ಮದ್ಯ ಕುಡಿಯಲೇಬೇಕೆಂದಿಲ್ಲ, ಚಹಾವೋ ಸೋಡಾವೋ ತೆಗೆದುಕೊಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಏನೂ ಕೊಳ್ಳದೆ ಮೂರು ತಾಸು ಕೂರುವುದು ಸಲ್ಲ, ಏಕೆಂದರೆ ಆ ವಾದಕರ ಸಂಭಾವನೆ ಬರುವುದು ನಿಮ್ಮ ಲೋಟದಿಂದ. ಮುಖದ ಮುಂದೆ ಮೊಬೈಲು ಹಿಡಿಯುವ ಮೊದಲು ಒಂದು ಮಾತು ಕೇಳಿ. ಜಿಗ್, ರೀಲ್ ನಡೆಯುವಾಗ ಮೆಲ್ಲಗೆ ಮಾತಾಡಿದರೆ ನಡೆಯುತ್ತದೆ. ಯಾರಾದರೂ ಹಾಡಲು ಆರಂಭಿಸಿದರೆ ಮಾತ್ರ ಇಡೀ ಪಬ್ಬು ಬಾಯಿ ಮುಚ್ಚಬೇಕು. ಕೊನಿಮಾರದ 'ಶಾನ್ ನೋಸ್' ಗಾಯನಕ್ಕೆ ಪಕ್ಕವಾದ್ಯವಿಲ್ಲ, ತಾಳವಿಲ್ಲ. ಒಂಟಿ ದನಿ ಐರಿಷ್ ಭಾಷೆಯ ಸಾಲುಗಳನ್ನು ಗಮಕದಂಥ ಬಳುಕುಗಳಲ್ಲಿ ಎಳೆದುಕೊಂಡು ಹೋಗುತ್ತದೆ. ಹಾಡುವವರ ಕೈಯನ್ನು ಕೇಳುಗರೊಬ್ಬರು ಹಿಡಿದುಕೊಂಡು ಕೂರುವ ರೂಢಿಯೂ ಉಂಟು. ಕಾರ್ನಾ ಊರಿನ ಜೋ ಹೀನಿ ಈ ಬಗೆಯ ಗಾಯನವನ್ನು ಅಮೆರಿಕಕ್ಕೆ ಒಯ್ದು, 1982ರಲ್ಲಿ ಆ ದೇಶದ ರಾಷ್ಟ್ರೀಯ ಗೌರವ ಪಡೆದರು.

ಸೆಷನ್ನಿನ ಹೊತ್ತು ಗೊತ್ತಾದ ಮೇಲೆ ಉಳಿಯುವ ಜಾಗದ ಆಯ್ಕೆ ಸುಲಭ. ರಾತ್ರಿ ಹನ್ನೆರಡರ ಹೊತ್ತಿಗೆ, ಬಹುಶಃ ಮಳೆಯಲ್ಲಿ, ನಡೆದೇ ಕೋಣೆ ಸೇರಬೇಕು. ಏರ್ ಸ್ಕ್ವೇರಿನ ಸುತ್ತಮುತ್ತ ದೊಡ್ಡ ಹೋಟೆಲುಗಳೂ ಹಾಸ್ಟೆಲುಗಳೂ ಇವೆ. ರೈಲು, ಬಸ್ಸು ನಿಲ್ದಾಣಗಳೂ ಅಲ್ಲೇ. ರೈಲು ಇಲ್ಲಿಗೆ ತಲುಪಿದ ಮರುವರ್ಷ, 1852ರಲ್ಲಿ ರೈಲ್ವೆ ಕಂಪನಿ ಕಟ್ಟಿಸಿದ ಕಲ್ಲಿನ ಹೋಟೆಲು ಹಲವು ಹೆಸರು ಬದಲಿಸಿ ಈಗ 'ಹಾರ್ಡಿಮನ್' ಆಗಿದೆ. ಕೀ ಸ್ಟ್ರೀಟಿನ ಆಸುಪಾಸಿನ ಕೋಣೆಗಳು ಸಂಗೀತಕ್ಕೆ ಅತಿ ಹತ್ತಿರ, ಹಾಗಾಗಿ ನಿದ್ದೆಗೆ ಅತಿ ದೂರ. ಅಲ್ಲಿ ಬುಕ್ ಮಾಡುವವರು ಬೀದಿಗೆ ಬೆನ್ನು ಹಾಕಿದ ಕೋಣೆ ಕೇಳಿ ಪಡೆಯಬೇಕು. ನನ್ನ ಮತ ಕೇಳಿದರೆ ವೆಸ್ಟ್ ಎಂಡ್ ಸುತ್ತಿನ ಮನೆ-ವಸತಿಗಳು ಮೇಲು: ಕ್ರೇನ್ ಬಾರ್ ಹತ್ತಿರ, ಗದ್ದಲ ದೂರ.

ಮನೆಮಂದಿ ಸಮೇತ ಹೋದವರಿಗೆ ಸಮುದ್ರ ದಂಡೆಯ ಸಾಲ್ಟ್‌ಹಿಲ್ ಬಡಾವಣೆ ಹೇಳಿಮಾಡಿಸಿದ್ದು. ಅಲ್ಲಿ ರಾತ್ರಿ ತಂಗಲು ಕೋಣೆ, ಬೆಳಗ್ಗೆ ತಿಂಡಿ ಕೊಡುವ 'ಬಿ ಅಂಡ್ ಬಿ' ಮನೆಗಳ ಸಾಲೇ ಇದೆ. ಅವುಗಳ ಯಜಮಾನಿತಿಗೆ ಯಾವ ವಾರ ಯಾವ ಪಬ್ಬಿನಲ್ಲಿ ಯಾರು ನುಡಿಸುತ್ತಾರೆ ಎಂಬುದು ಮೊಬೈಲಿಗಿಂತ ಚೆನ್ನಾಗಿ ಗೊತ್ತಿರುವುದುಂಟು. ನಗರದ ಮಧ್ಯಕ್ಕೆ ಅರ್ಧ ಗಂಟೆ ನಡಿಗೆ, ಬಸ್ಸೂ ಇದೆ. ಬೆಳಗ್ಗೆ ಎರಡು ಕಿಲೋಮೀಟರ್ ಉದ್ದದ ದಂಡೆಯ ಹಾದಿಯಲ್ಲಿ ನಡೆದು, ಕೊನೆಯ ಗೋಡೆಗೆ ಒಂದು ಒದೆ ಕೊಟ್ಟು ಹಿಂತಿರುಗುವುದು ಊರವರ ಪದ್ಧತಿ. ಏಕೆ ಒದೆಯಬೇಕೆಂಬುದಕ್ಕೆ ಕಾರಣ ಬೇಕಿಲ್ಲ.

ಕೋಣೆಯ ಬಾಡಿಗೆಯನ್ನು ತೀರ್ಮಾನಿಸುವುದು ಕ್ಯಾಲೆಂಡರು. ಜುಲೈನಲ್ಲಿ ಎರಡು ವಾರ 1978ರಿಂದ ನಡೆದುಬಂದ ಕಲಾ ಉತ್ಸವ. ಅದು ಮುಗಿಯುತ್ತಿದ್ದಂತೆ ಜುಲೈ ಕೊನೆಯ ಸೋಮವಾರದಿಂದ ಏಳು ದಿನದ ಕುದುರೆ ರೇಸು. ಆ ದಿನಗಳಲ್ಲಿ ದರ ಎರಡು ಮೂರು ಪಟ್ಟು ಏರುತ್ತದೆ, ತಿಂಗಳುಗಟ್ಟಲೆ ಮುಂಚೆ ಕೋಣೆಗಳು ಮುಗಿದಿರುತ್ತವೆ. ಸಂಗೀತಕ್ಕಾಗಿಯೇ ಹೋಗುವವರು ಆ ವಾರಗಳನ್ನು ತಪ್ಪಿಸಬೇಕು. ಮೇ, ಜೂನ್ ಒಳ್ಳೆಯದು. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತಕ್ಕೆ. ಆದರೆ ಚಳಿಗಾಲದ ಸೆಷನ್ನೇ ಬೇರೆ. ನವೆಂಬರಿನಿಂದ ಮಾರ್ಚ್‌ವರೆಗೆ ಪ್ರವಾಸಿಗಳು ಕಡಿಮೆ, ಕೋಣೆ ಅಗ್ಗ, ಮೇಜಿನ ಸುತ್ತ ಊರವರೇ ಹೆಚ್ಚು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ, ಬಿಡದ ಮಳೆಗಾಳಿ. ಕೊಡೆ ಮುರಿಯುತ್ತದೆ, ತಲೆಗೆ ಟೊಪ್ಪಿಗೆ ಇರುವ ಮಳೆಯಂಗಿ ಒಯ್ಯಿರಿ.

ಊಟಕ್ಕೂ ಸೆಷನ್ನಿನದೇ ಗಡಿಯಾರ. ಸಂಜೆಯ ಸೆಷನ್ ಮುಗಿದು ರಾತ್ರಿಯದು ಶುರುವಾಗುವ ನಡುವಿನ ಬಿಡುವಿನಲ್ಲೇ ಉಣ್ಣಬೇಕು. ಸಂಗೀತಕ್ಕೆ ಹೆಸರಾದ ಚಿಕ್ಕ ಪಬ್ಬುಗಳಲ್ಲಿ ಊಟ ಸಿಗದಿರುವುದೇ ಹೆಚ್ಚು. ಊಟ ಹಾಕುವ ಪಬ್ಬುಗಳ ಅಡುಗೆಮನೆಯೂ ಒಂಬತ್ತರ ಹೊತ್ತಿಗೆ ಮುಚ್ಚುತ್ತದೆ. ಬೆಂಗಳೂರಿನ ರೂಢಿಯಂತೆ ಒಂಬತ್ತೂವರೆಗೆ ಹಸಿವಾದರೆ ಉಪವಾಸವೋ ಆಲೂಗಡ್ಡೆ ಚಿಪ್ಸೋ ಗತಿ.

ಮೀನು ತಿನ್ನುವವರಿಗೆ ಗಾಲ್ವೇ ಸುಗ್ಗಿ. ಕೀ ಸ್ಟ್ರೀಟಿನ 'ಮೆಕ್‌ಡೊನಾಸ್' 1902ರಿಂದ ಇರುವ ಮೀನಿನ ಮನೆ; ಒಂದು ಕಡೆ ಕೂತು ಉಣ್ಣುವ ವ್ಯವಸ್ಥೆ, ಇನ್ನೊಂದು ಕಡೆ ಕರಿದ ಮೀನು-ಚಿಪ್ಸ್ ಕಟ್ಟಿಕೊಡುವ ಕೌಂಟರು. ಮೀನು, ಸಿಗಡಿ, ಚಿಪ್ಪುಮಾಂಸ ಹಾಕಿ ಕೆನೆಯಲ್ಲಿ ಕುದಿಸಿದ ಗಟ್ಟಿ ಸಾರು 'ಚೌಡರ್', ಜೊತೆಗೆ ಅಡುಗೆಸೋಡಾ ಹಾಕಿ ಉಬ್ಬಿಸಿದ ಕಂದು ಬ್ರೆಡ್ಡು, ಬೆಣ್ಣೆ: ಮಳೆಯಲ್ಲಿ ನೆನೆದು ಬಂದವರಿಗೆ ಇಷ್ಟೇ ಸಾಕು. ಕೊಲ್ಲಿಯ ದೇಸಿ ಆಯ್‌ಸ್ಟರ್ ಚಿಪ್ಪು ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಸಿಗುತ್ತದೆ. ಬೇಸಿಗೆಯಲ್ಲಿ ಅದು ಮೊಟ್ಟೆಯಿಡುವ ಕಾಲ. ಸೆಪ್ಟೆಂಬರಿನಲ್ಲಿ ಖಾಲಿ ಹೊಡೆಯುತ್ತಿದ್ದ ಕೋಣೆಗಳನ್ನು ತುಂಬಿಸಲು ಹೋಟೆಲ್ ಮ್ಯಾನೇಜರರೊಬ್ಬರು 1954ರಲ್ಲಿ ಹೂಡಿದ ಆಯ್‌ಸ್ಟರ್ ಹಬ್ಬ ಇಂದು ಅಂತರರಾಷ್ಟ್ರೀಯ ಉತ್ಸವ. ಸ್ಪ್ಯಾನಿಷ್ ಆರ್ಚ್ ಬಳಿಯ 'ಆರ್ಡ್ ಬಿಯಾ' ನದಿಯಂಚಿನ ಹಳೆಯ ಕಲ್ಲು ಕಟ್ಟಡದಲ್ಲಿದೆ. ಕೈ ಬಿಚ್ಚಿ ಖರ್ಚು ಮಾಡುವವರಿಗೆ ಡೊಮಿನಿಕ್ ಸ್ಟ್ರೀಟಿನಲ್ಲಿ 'ಅನಿಯರ್' ಇದೆ: ಸುತ್ತಲಿನ ನೆಲ, ಕಡಲು ಕೊಟ್ಟದ್ದನ್ನೇ ಅಡುಗೆಯಾಗಿಸಿ ಮಿಶೆಲಿನ್ ತಾರೆ ಗಳಿಸಿದ ರೆಸ್ಟೋರೆಂಟು.

ಸಸ್ಯಾಹಾರಿಗಳ ಕತೆ? ಹದಿನೈದಿಪ್ಪತ್ತು ವರ್ಷ ಹಿಂದಿನಷ್ಟು ಬಡವಾಗಿಲ್ಲ. ವಿದ್ಯಾರ್ಥಿಗಳ ಊರಾದ್ದರಿಂದ ಸಸ್ಯಾಹಾರದ ಪಟ್ಟಿ ಎಲ್ಲೆಡೆ ಇರುತ್ತದೆ. ಹದಿನಾಲ್ಕು ಬಗೆಯ ಅಲರ್ಜಿಕಾರಕ ಪದಾರ್ಥಗಳಲ್ಲಿ ಯಾವುದಿದೆ ಎಂದು ಲಿಖಿತವಾಗಿ ತಿಳಿಸಬೇಕೆಂಬ ನಿಯಮದಿಂದಾಗಿ ಮೊಟ್ಟೆ, ಮೀನು ಇದೆಯೇ ಎಂಬುದೂ ಗೊತ್ತಾಗುತ್ತದೆ. ಎರಡು ಎಚ್ಚರ ಮಾತ್ರ: ಕೆಲವು ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ತರಕಾರಿ ಸೂಪಿಗೂ ಮಾಂಸದ ಕಟ್ಟು ಬೆರೆತಿರಬಹುದು. ಕೇಳಿದರೆ ನೇರವಾಗಿ ಹೇಳುತ್ತಾರೆ. ಬಿ ಅಂಡ್ ಬಿ ಮನೆಯಲ್ಲಿ ಹಿಂದಿನ ರಾತ್ರಿಯೇ ತಿಳಿಸಿದರೆ ಹಂದಿಮಾಂಸ, ಸಾಸೇಜುಗಳ ತುಂಬು ತಟ್ಟೆಯ ಬದಲು ಟೊಮೆಟೊ, ಅಣಬೆ, ಬೀನ್ಸ್, ಟೋಸ್ಟು ಬರುತ್ತವೆ. ಶನಿವಾರ ಸಿಕ್ಕರೆ ಸೇಂಟ್ ನಿಕೋಲಸ್ ಚರ್ಚಿನ ಪಕ್ಕದ ಸಂತೆ ಬಿಡಬೇಡಿ: ಬಿಸಿ ಫಲಾಫೆಲ್, ಡೋನಟ್, ಬ್ರೆಡ್ಡು, ಆಲಿವ್, ಹಣ್ಣು. ಇವತ್ತು ದೇಶದಲ್ಲೆಲ್ಲ ಹೆಸರಾದ ಶೆರಿಡನ್ಸ್ ಚೀಸ್ ವ್ಯಾಪಾರ 1995ರಲ್ಲಿ ಶುರುವಾದದ್ದೂ ಇದೇ ಸಂತೆಯ ಒಂದು ಮೇಜಿನಿಂದ. ಚೀಸು, ಬ್ರೆಡ್ಡು ಕಟ್ಟಿಸಿಕೊಂಡು ಊರಿನ ಕ್ಲಾಡಾ ಎಂಬ ಭಾಗದ ನೀರ ದಂಡೆಗೆ ಹೋದರೆ ಮಧ್ಯಾಹ್ನದ ಊಟ ಮುಗಿಯಿತು.

ತಲುಪುವ ದಾರಿ ಸರಳ. ಗಾಲ್ವೇಗೆ ಪ್ರಯಾಣಿಕ ವಿಮಾನವಿಲ್ಲ. ಡಬ್ಲಿನ್ ವಿಮಾನ ನಿಲ್ದಾಣದ ಬಾಗಿಲಿನಿಂದಲೇ ನೇರ ಬಸ್ಸು ಎರಡೂವರೆ ಮೂರು ತಾಸಿನಲ್ಲಿ ಮುಟ್ಟಿಸುತ್ತದೆ. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ರೈಲಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಐರ್ಲೆಂಡ್ ಷೆಂಗೆನ್ ಕೂಟದಲ್ಲಿಲ್ಲ, ಹಾಗಾಗಿ ಯೂರೋಪಿನ ವೀಸಾ ಇದ್ದರೂ ಇಲ್ಲಿಗೆ ಬೇರೆಯದೇ ಬೇಕು. ಹಣ ಮಾತ್ರ ಯೂರೊ. ಹಗಲು ಕಡಲಂಚಿನ ಮೊಹರ್ ಬಂಡೆಗಳಿಗೆ ಹೋಗುವ ಬಸ್ಸುಗಳೂ ಅರಾನ್ ದ್ವೀಪಗಳಿಗೆ ಹೋಗುವ ದೋಣಿಗಳೂ ಸಂಜೆಯೊಳಗೆ ವಾಪಸು ತಂದು ಬಿಡುತ್ತವೆ.

ಎಷ್ಟು ದಿನ? ಬಹುತೇಕ ಪ್ಯಾಕೇಜ್ ಪ್ರವಾಸಗಳು ಗಾಲ್ವೇಗೆ ಕೊಡುವುದು ಒಂದು ರಾತ್ರಿ. ಅದು ಸಾಲದು, ಸಾಲದಿರುವುದಕ್ಕೆ ಕಾರಣವೂ ಇದೆ. ಮೊದಲ ರಾತ್ರಿ ಸದ್ದು ಮಾತ್ರ ಕೇಳಿಸುತ್ತದೆ. ಎರಡನೆಯ ರಾತ್ರಿ ಜಿಗ್ಗು ಯಾವುದು ರೀಲು ಯಾವುದು ತಿಳಿಯುತ್ತದೆ. ಮೂರನೆಯ ರಾತ್ರಿ ಅದೇ ಪಬ್ಬಿಗೆ ಮತ್ತೆ ಹೋದರೆ ನಿನ್ನೆಯ ಧಾಟಿಯೊಂದು ಗುರುತು ಸಿಗುತ್ತದೆ, ವಾದಕರಲ್ಲಿ ಒಬ್ಬರು ತಲೆಯಾಡಿಸಿ ಮಾತಾಡಿಸುತ್ತಾರೆ. ಮೂರು ಪಬ್ಬುಗಳಲ್ಲಿ ಒಂದೊಂದು ತಾಸು ಕೂರುವುದಕ್ಕಿಂತ ಒಂದೇ ಪಬ್ಬಿನಲ್ಲಿ ಮೂರು ರಾತ್ರಿ ಕೂರುವುದು ಲೇಸು.

ಪ್ರವಾಸಿಗಳು ನುಗ್ಗಿ ಈ ಸಂಗೀತ ಕೆಟ್ಟಿತು ಎಂಬ ಗೊಣಗಾಟ ಗಾಲ್ವೇಯಲ್ಲೇ ಕೇಳಿಬರುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ: ಆಗಸ್ಟ್ ತಿಂಗಳ ಶನಿವಾರ ರಾತ್ರಿ ಗದ್ದಲದ ಮೇಲೆ ಕೇಳಿಸಲೆಂದು ವಾದಕರು ವೇಗ ಹೆಚ್ಚಿಸುತ್ತಾರೆ, ನಿಧಾನದ ಧಾಟಿಗಳು ಹಿಂದೆ ಸರಿಯುತ್ತವೆ. ಆದರೆ ಅಡುಗೆಕೋಣೆಯಿಂದ ಹೊರದೂಡಿಸಿಕೊಂಡು, ಕಡಲು ದಾಟಿ, ಪರದೇಶದ ಪಬ್ಬಿನಲ್ಲಿ ಮನೆ ಮಾಡಿಕೊಂಡು ಮರಳಿ ಬಂದ ಸಂಗೀತವಿದು. ಸ್ಥಳ ಬದಲಾದರೆ ಸಾಯುವಂಥದ್ದ‌ಲ್ಲ. ವಾರದ ಏಳು ದಿನವೂ ಇಬ್ಬರು ವಾದಕರಿಗೆ ಸಂಬಳ ಕೊಡುವ ಶಕ್ತಿ ಪಬ್ಬಿಗೆ ಬಂದಿರುವುದು ಹೊರಗಿನವರ ಹಣದಿಂದಲೂ ಹೌದು. ಆ ಹಣದ ಜೊತೆಗೆ ನಾವು ಸ್ವಲ್ಪ ಕಿವಿಯನ್ನೂ ಒಯ್ದರೆ ಅವರು ನಿಧಾನದ ಧಾಟಿಗಳನ್ನೂ ನುಡಿಸುತ್ತಾರೆ. ಆದ್ದರಿಂದ ಸಾಧ್ಯವಾದರೆ ಫೆಬ್ರುವರಿಯ ಒಂದು ಮಂಗಳವಾರ ಆರಿಸಿಕೊಳ್ಳಿ. ಏಳಕ್ಕೆ ಊಟ ಮುಗಿಸಿ, ಒಂಬತ್ತಕ್ಕೆ ಹೋಗಿ ಕೂತುಕೊಳ್ಳಿ.